‘ಶಾಲೆಯಲ್ಲಿ ಕೊರೊನಾ ಹರಡುವುದೇ ಇಲ್ಲ’ ಎಂಬ ಸಂದೇಶದ ಕುರಿತು ಸ್ಪಷ್ಟನೆ

‘ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯವು 90,000 ಮಂದಿಯನ್ನು ಪರೀಕ್ಷಿಸಿ, ಶಾಲೆಯಲ್ಲಿ ಕೊರೊನಾ ಹರಡುವುದೇ ಇಲ್ಲ, ಮಾಸ್ಕ್ ಬೇಡ ಎಂದು ಸಾಬೀತುಪಡಿಸಿದೆ’ ಎಂಬ ಹಳೆಯ ಸಂದೇಶವು ಉಡುಪಿಯ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಹಿಂದೊಮ್ಮೆ ನಾನೂ ಮೂಲ ವರದಿಯನ್ನು ಓದದೆ ಇದನ್ನು ಹಂಚಿದ್ದೆ. ಅದು ನನ್ನ ತಪ್ಪು.

2021ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನವು, ವಿಶ್ವವಿದ್ಯಾಲಯದ ತಜ್ಞರೊಡನೆ ಕೈಜೋಡಿಸಿದ ನಾರ್ತ್ ಕೆರೊಲಿನಾ ರಾಜ್ಯದ 11 ಶಾಲಾ ಜಿಲ್ಲೆಗಳಿಗೆ (ಒಂದೇ ಆಡಳಿತದಡಿಯ ಶಾಲೆಗಳ ಗುಂಪುಗಳಿಗೆ) ಸಂಬಂಧಿಸಿದ್ದು. 2020ರಲ್ಲಿ 9 ವಾರಗಳ ಅವಧಿಗೆ 90,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ತರಗತಿಗೆ ಹಾಜರಾಗಿದ್ದರು. ಇವರೆಲ್ಲರನ್ನೂ ಪರೀಕ್ಷಿಸಿರಲಿಲ್ಲ, ವರದಿಯಾದ ಪ್ರಕರಣಗಳ ಸಂಪರ್ಕಿತರನ್ನು ಪತ್ತೆಹಚ್ಚಿದಾಗ, ಹೊರಗಿನಿಂದ ಸೋಂಕು ತಗುಲಿದವರು 773 ಮಂದಿ, ಶಾಲೆಯೊಳಗೇ ತಗುಲಿಸಿಕೊಂಡವರು 32 ಮಂದಿ ಎಂದು ತಿಳಿದುಬಂತು. ಮಕ್ಕಳಿಂದ ದೊಡ್ಡವರಿಗೆ ಶಾಲೆಯಲ್ಲಿ ಹರಡಿದ ಪ್ರಕರಣ ಮಾತ್ರ ಕಾಣಲಿಲ್ಲ. ಬಹುಶಃ ಈ ಒಂದು ವಾಕ್ಯವೇ ಬಾಯಿಂದ ಬಾಯಿಗೆ ಹೋಗುತ್ತಾ ‘ಹರಡುವುದೇ ಇಲ್ಲ’ ಎಂದಾಗಿರಬೇಕು.

ಮುಖ್ಯವಾಗಿ, ಅಲ್ಲಿ ಮಾಸ್ಕ್, ಅಂತರ ಮತ್ತು ಕೈತೊಳೆಯುವಿಕೆ ಜಾರಿಯಲ್ಲಿದ್ದವು; ಹೆಚ್ಚು ವೇಗವಾಗಿ ಹರಡುವ ಡೆಲ್ಟಾ ತಳಿ ಅಲ್ಲಿಗೆ ಆಗಿನ್ನೂ ಬಂದಿರಲಿಲ್ಲ. ಹೀಗಿರುವಾಗ, ‘ಮಾಸ್ಕ್ ಬೇಡ’ ಎನ್ನಲು ಈ ವರದಿಯಲ್ಲಿ ಯಾವ ಆಧಾರವೂ ಇಲ್ಲ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.