ಬೆಳೆದು ನಿಂತ ತೋಟ

ಫೋನು ನನ್ನನ್ನು ಗುರುತಿಸುತ್ತಿಲ್ಲ. ಹೆಬ್ಬೆರಳು ಇಟ್ಟರೆ ‘ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ. ಇಟ್ಟೆ. ಬೆವರು ಒರೆಸಿ ಇಟ್ಟೆ. ಓರೆಯಾಗಿ ಇಟ್ಟೆ. ಐದನೇ ಸಲಕ್ಕೆ ಕಳ್ಳನನ್ನು ಕಂಡ ಹಾಗೆ ಬೀಗ ಹಾಕಿಕೊಂಡು ಕೂತಿತು. ತಪ್ಪು ಅದರದ್ದಲ್ಲ. ಶನಿವಾರ ಹೊಕ್ಕ ಬೋಗನ್‌ವಿಲ್ಲಾ ಮುಳ್ಳಿನ ತುದಿ ಬುಧವಾರವಾದರೂ ಹೆಬ್ಬೆರಳಿನೊಳಗೇ ಇದೆ. ಬೆರಳು ಊದಿ ಗೆರೆಗಳೆಲ್ಲ ಮಾಯವಾಗಿವೆ. ಹೊಸ ಮನೆಗೆ ಬಂದು ಮೂರೇ ವಾರಕ್ಕೆ ನಾನು ನಾನಲ್ಲ ಅಂತ ಸಾಬೀತಾಯಿತು.

ಹೊಸ ಮನೆ ಅನ್ನುವುದು ಬಾಯಿಮಾತಿಗೆ. ಅದಕ್ಕೆ ವಯಸ್ಸಾಗಿದೆ, ಹೊಸಬರು ನಾವು. ಅಂಗಳಕ್ಕಂತೂ ನಾವು ಯಾರೂ ಅಲ್ಲ.

ಮಾರಾಟದ ಜಾಹೀರಾತಿನಲ್ಲಿ ‘ಬೆಳೆದು ನಿಂತ ತೋಟ’ ಅಂತ ಇತ್ತು. ಬೆಳೆದದ್ದು ನಿಜ. ನಿಂತದ್ದು ಮಾತ್ರ ಶುದ್ಧ ಸುಳ್ಳು. ಅದು ಇನ್ನೂ ಬೆಳೆಯುತ್ತಲೇ ಇತ್ತು. ಗೇಟಿನಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ. ಅಷ್ಟಕ್ಕೆ ಮೂರು ಸಲ ತಲೆ ಬಗ್ಗಿಸಬೇಕು, ಒಂದು ಸಲ ಪಕ್ಕಕ್ಕೆ ತಿರುಗಿ ನುಸುಳಬೇಕು. ಮಲಗುವ ಕೋಣೆಯ ಕಿಟಕಿ ತೆಗೆದರೆ ಗಾಳಿಗೆ ಮುಂಚೆ ಒಂದು ಕೊಂಬೆ ಒಳಗೆ ಬರುತ್ತಿತ್ತು. ಹಗಲು ಹೊತ್ತಿನಲ್ಲೂ ಆ ಕೋಣೆಯಲ್ಲಿ ಹಸಿರು ಬೆಳಕು. ಅಲ್ಲಿ ಕೂತು ಪೇಪರ್ ಓದಿದರೆ ಮೀನಿನ ತೊಟ್ಟಿಯಲ್ಲಿ ಕೂತ ಹಾಗೆ.

ಮನೆ ನೋಡೋಕೆ ಬಂದಾಗ ಇದೆಲ್ಲ ಕಾಣಿಸಲಿಲ್ವಾ ಅಂತ ಕೇಳಬೇಡಿ. ಕಾಣಿಸಿತ್ತು. ಆಗ ಅದು ನೆರಳು.

ಈ ಮೂರು ವಾರ ಕಡಿದೂ ಕಡಿದೂ ನನಗೊಂದು ದೊಡ್ಡ ವಿಷಯ ಹೊಳೆದಿದೆ. ಅದನ್ನು ಬರೆಯೋಕೇ ಕೂತಿದ್ದೇನೆ. ಆದರೆ ಮೊದಲು ಈ ಬೋಗನ್‌ವಿಲ್ಲಾ ಲೆಕ್ಕ ಚುಕ್ತಾ ಮಾಡಿಬಿಡುತ್ತೇನೆ. ಇಲ್ಲದಿದ್ದರೆ ಹೆಬ್ಬೆರಳು ಸುಮ್ಮನಿರುವುದಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತದೆ ಗಾದೆ. ಆ ಗಾದೆ ಕಟ್ಟಿದವರು ಬೋಗನ್‌ವಿಲ್ಲಾ ಕಂಡಿರಲಿಲ್ಲ. ಇದು ಮರವಾದ ಮೇಲೂ ಚೆನ್ನಾಗಿ ಬಗ್ಗುತ್ತದೆ. ಬಗ್ಗಿ, ಬಿಲ್ಲಾಗಿ, ಕೈ ಜಾರಿದ ಕ್ಷಣದಲ್ಲಿ ನೇರವಾಗಿ ಬೆನ್ನಿಗೆ ಬರುತ್ತದೆ. ಒಂದು ಕೊಂಬೆ ಕತ್ತರಿಸಿದರೆ ಅದು ಬೀಳುವುದೂ ಇಲ್ಲ. ಪಕ್ಕದ ಹತ್ತು ಕೊಂಬೆಗಳು ಮುಳ್ಳು ಚಾಚಿ ಅದನ್ನು ಹಿಡಿದುಕೊಳ್ಳುತ್ತವೆ. ಎಳೆದರೆ ಹತ್ತೂ ಒಟ್ಟಿಗೆ ಬರುತ್ತವೆ. ಮನುಷ್ಯರ ಕುಟುಂಬಗಳಲ್ಲಿ ಈ ಒಗ್ಗಟ್ಟು ನಾನು ನೋಡಿಲ್ಲ.

ಇಷ್ಟೆಲ್ಲ ಮಾಡುವುದು ಒಂದು ಹೂವಿಗಾಗಿ ಅಂದರೆ ಅದೂ ಅಲ್ಲ. ನಾವು ಹೂವು ಅಂದುಕೊಂಡ ಆ ಗುಲಾಬಿ ಬಣ್ಣದ್ದು ಹೂವೇ ಅಲ್ಲ, ಬಣ್ಣ ಬಳಿದುಕೊಂಡ ಎಲೆ. ಮೂರು ಬಣ್ಣದೆಲೆಗಳ ನಡುವೆ ಬೆಂಕಿಕಡ್ಡಿಯಷ್ಟು ಸಣ್ಣ ಬಿಳಿ ಕೊಳವೆ ಇರುತ್ತದಲ್ಲ, ಅದು ಹೂವು. ಕಾಗದದ ಹೂ ಅಂತ ಹೆಸರಿಟ್ಟ ನಮ್ಮವರಿಗೆ ಅನುಮಾನ ಮೊದಲೇ ಬಂದಿತ್ತು.

ಅದರ ಇನ್ನೊಂದು ಹೆಸರಿನ ಕಥೆ ಇನ್ನೂ ವಿಚಿತ್ರ. ಬೂಗನ್‌ವಿಲ್ ಅನ್ನುವವನು ಫ್ರಾನ್ಸಿನ ನೌಕಾಧಿಕಾರಿ. 1766ರಲ್ಲಿ ಎರಡು ಹಡಗುಗಳ ಭೂಪ್ರದಕ್ಷಿಣೆಯ ಮುಖಂಡನಾದ. ಜೊತೆಗೆ ಗಿಡಗಳ ಪಂಡಿತ ಕಾಮರ್ಸನ್. ಪಂಡಿತನಿಗೊಬ್ಬ ಸಹಾಯಕ. ಆ ಸಹಾಯಕ ಗಂಡಸಲ್ಲ. ಅವಳ ಹೆಸರು ಜೀನ್ ಬಾರೆ. ರೈತಾಪಿ ಮನೆಯಲ್ಲಿ ಹುಟ್ಟಿದವಳು, ಕಾಮರ್ಸನ್ನನ ಮನೆ ನೋಡಿಕೊಳ್ಳುತ್ತಿದ್ದವಳು. ಫ್ರಾನ್ಸಿನ ನೌಕಾಪಡೆಯ ಹಡಗಿಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಗಂಡಸಿನ ಬಟ್ಟೆ ಹಾಕಿಕೊಂಡು ಹತ್ತಿದಳು.

ನನಗೆ ತುಂಬಾ ಇಷ್ಟವಾದ ವಿವರ ಹೇಳುತ್ತೇನೆ. ಪಂಡಿತನ ಸಾಮಾನು ಸರಂಜಾಮು ಎಷ್ಟಿತ್ತೆಂದರೆ, ಆ ಹಡಗಿನ ಕ್ಯಾಪ್ಟನ್ ತನ್ನ ಕ್ಯಾಬಿನ್ನನ್ನೇ ಅವರಿಬ್ಬರಿಗೆ ಬಿಟ್ಟುಕೊಟ್ಟ. ಹಾಗಾಗಿ ಬಾರೆಗೆ ಪ್ರತ್ಯೇಕ ಶೌಚದ ಅನುಕೂಲ ಸಿಕ್ಕಿತು. ಗುಟ್ಟು ಅಷ್ಟು ದಿನ ಉಳಿದದ್ದರ ಹಿಂದೆ ಈ ಅನುಕೂಲ ಇದೆ. ಇತಿಹಾಸದ ಪಾಠದಲ್ಲಿ ಇಂಥದ್ದನ್ನು ಯಾಕೆ ಹೇಳಿಕೊಡುವುದಿಲ್ಲವೋ!

1767ರಲ್ಲಿ ಹಡಗು ರಿಯೋ ಡಿ ಜನೈರೋ ತಲುಪಿತು. ಈ ಮುಳ್ಳುಬಳ್ಳಿ ಅವರ ಕೈಗೆ ಸಿಕ್ಕಿದ್ದು ಅಲ್ಲಿ. ಕಾಮರ್ಸನ್ನನ ಕಾಲಿನಲ್ಲಿ ಹುಣ್ಣು. ನಡೆಯೋದು ಕಷ್ಟ. ಹಾಗಾದರೆ ಕೊಯ್ದವರು ಯಾರು? ಬಾರೆಯೇ ಇರಬೇಕು ಅಂತ ಊಹಿಸುವವರು ಇದ್ದಾರೆ. ನನಗೆ ಊಹೆಯ ಅಗತ್ಯವೇ ಕಾಣುವುದಿಲ್ಲ. ಕಾಲು ನೋವಿನವನು ಬೋಗನ್‌ವಿಲ್ಲಾ ಮೆಳೆಗೆ ಕೈ ಹಾಕುತ್ತಾನಾ? ಕಾಲು ನೆಟ್ಟಗಿದ್ದ ನಾನೇ ಹಾಕಬಾರದಿತ್ತು. ಪೆಟ್ಟಿಗೆ ಹೊತ್ತು, ಊಟ ಹೊತ್ತು, ಗಿಡಗಳ ಕಟ್ಟು ಹೊತ್ತು ಗುಡ್ಡ ಹತ್ತಿದವಳು ಅವಳು. ಪಂಡಿತ ಅವಳನ್ನು ಮೆಚ್ಚಿ ಕರೆದದ್ದು ‘ಹೊರೆ ಹೊರುವ ಪ್ರಾಣಿ’ ಅಂತ. ಹೊಗಳಿಕೆಯಂತೆ ಅದು.

ಗುಟ್ಟು ಹೊರಬಿದ್ದದ್ದು 1768ರಲ್ಲಿ, ತಾಹಿತಿಯಲ್ಲಿ. ಬೂಗನ್‌ವಿಲ್ ಬರೆದ ಪ್ರಕಾರ, ಅವಳು ದಡಕ್ಕೆ ಇಳಿದ ಕೂಡಲೇ ದ್ವೀಪದ ಜನ ಸುತ್ತುವರಿದು ‘ಇದು ಹೆಂಗಸು’ ಅಂದುಬಿಟ್ಟರು. ಅದಕ್ಕೂ ಮುಂಚೆ ಹಡಗಿನವರಿಗೆ ಏನೂ ಅನಿಸಿರಲಿಲ್ಲವೇ ಅಂದರೆ, ಗುಸುಗುಸು ಇತ್ತಂತೆ. ಆಮೇಲೆ ಇಬ್ಬರೂ ಮಾರಿಷಸ್‌ನಲ್ಲಿ ಇಳಿದರು. 1773ರಲ್ಲಿ ಅಲ್ಲೇ ಕಾಮರ್ಸನ್ ತೀರಿಕೊಂಡ. ಬಾರೆ ಮದುವೆಯಾಗಿ ಫ್ರಾನ್ಸಿಗೆ ಮರಳಿದಳು. ಭೂಮಿಗೆ ಒಂದು ಸುತ್ತು ಹಾಕಿದ ಮೊದಲ ಹೆಂಗಸು ಅಂತ ಈಗ ಹೇಳುವುದು ಇವಳನ್ನೇ. 1785ರಲ್ಲಿ ನೌಕಾ ಇಲಾಖೆ ವರ್ಷಕ್ಕೆ 200 ಲಿವ್ರ್ (ಫ್ರಾನ್ಸಿನ ಆಗಿನ ಹಣ) ಪಿಂಚಣಿ ಕೊಟ್ಟಿತು. ಸದ್ಯ, ಅದಾದರೂ ಬಂತು.

ಬಳ್ಳಿಯ ಹೆಸರು ಮಾತ್ರ ಮುಖಂಡನ ಪಾಲಿಗೆ ಹೋಯಿತು. ಮುಳ್ಳು ಯಾರ ಕೈಗೆ, ಹೆಸರು ಯಾರದ್ದು ನೋಡಿ. ಬಾರೆಗೂ ಕಾಮರ್ಸನ್ ಒಂದು ಗಿಡಕ್ಕೆ ಹೆಸರಿಟ್ಟಿದ್ದ. ಆದರೆ ಆ ಹೆಸರು ಉಳಿಯಲಿಲ್ಲ. ಕೊನೆಗೆ 2012ರಲ್ಲಿ ದಕ್ಷಿಣ ಅಮೆರಿಕದ ಒಂದು ಕಾಡುಬಳ್ಳಿಗೆ ಅವಳ ಹೆಸರು ಬಂತು. ಅದು ಬದನೆಯ ಸಂಬಂಧಿ. ಯಾರ ಗೇಟಿನ ಮೇಲೂ ಅದು ಹಬ್ಬಿದ್ದನ್ನು ನಾನು ಕಂಡಿಲ್ಲ.

ಈ ಕಥೆಯನ್ನು ಏಣಿಯ ಮೇಲೆ ನಿಂತು ಹೆಂಡತಿಗೆ ಹೇಳುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದಳು. ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಪಟ್ಟಿ. ಮಂಡಿನೋವಂತೆ. ‘ಪಾಪ ಬಾರೆ’ ಅಂದಳು. ನಂತರ ಪೆನ್ನಿನಲ್ಲಿ ತೋರಿಸಿ, ‘ಅಲ್ಲಿ ನೋಡಿ, ಇನ್ನೊಂದು ಕೊಂಬೆ ಬಿಟ್ಟಿದ್ದೀರ’ ಅಂದಳು.

ಪಕ್ಕದ ಮನೆಯವರ ವಿಷಯ ಹೇಳದೆ ಇರೋಕಾಗಲ್ಲ. ಅವರು ಬಾಲ್ಕನಿಯಲ್ಲಿ ಕೂತು ಈ ಬಳ್ಳಿಯನ್ನು ವರ್ಷಗಟ್ಟಲೆ ನೋಡಿದವರು. ಅವರ ಕಡೆಗೆ ಹೂವು, ನಮ್ಮ ಕಡೆಗೆ ಮುಳ್ಳು ಮತ್ತು ಕಸ. ‘ಛೆ, ಎಷ್ಟು ಚೆನ್ನಾಗಿತ್ತು! ಯಾಕೆ ಕಡಿದ್ರಿ? ಪ್ರಕೃತಿ ಅಲ್ವಾ?’ ಅಂದರು. ಪ್ರಕೃತಿಯನ್ನು ಪ್ರೀತಿಸುವವರು ಯಾವಾಗಲೂ ಬಾಲ್ಕನಿಯಲ್ಲೇ ಯಾಕಿರುತ್ತಾರೆ? ‘ಬೇಕಾದ್ರೆ ಬುಡಸಮೇತ ತೆಗೆದು ನಿಮ್ಮ ಅಂಗಳಕ್ಕೇ ತಂದು ನೆಡ್ತೀನಿ’ ಅಂದೆ. ಅವರಿಗೆ ತಕ್ಷಣ ಯಾರದೋ ಫೋನ್ ಬಂತು.

ಬಳ್ಳಿ ಇಳಿಯಿತು. ಕೆಳಗಿನ ಪೊದೆ ಹೋಯಿತು. ಬೇಲಿಗಿಡ ಸೊಂಟದ ಮಟ್ಟಕ್ಕೆ ಬಂತು. ಕಸದ ಮೂಟೆ ಹದಿನಾಲ್ಕು. ಪೊದೆಯ ಕೆಳಗಿಂದ ಒಂದು ಚಪ್ಪಲಿ, ಮೂರು ಚೆಂಡು, ಒಂದು ಚಮಚ, ಒಂದು ಇಡೀ ಕಲ್ಲುಬೆಂಚು ಹೊರಬಂದವು. ಬೆಂಚಿನ ವಿಷಯ ಜಾಹೀರಾತಿನಲ್ಲಿ ಇರಲಿಲ್ಲ. ಮಾರಿದವರಿಗೂ ಮರೆತಿರಬೇಕು. ಮಣ್ಣು ಬತ್ತಲಾಗಿ ಬಿಸಿಲಿಗೆ ಕಣ್ಣು ಚಿವುಟಿಕೊಂಡು ಮಲಗಿತ್ತು. ಸ್ನಾನ ಮಾಡಿ ಬಂದು ಆ ಬೆಂಚಿನ ಮೇಲೆ ರಾಜನ ಹಾಗೆ ಕೂತೆ. ಆ ರಾಜ್ಯ ಒಂಬತ್ತು ದಿನ ಇತ್ತು.

ಹತ್ತನೇ ದಿನ ನೆಲವೆಲ್ಲ ಹಸಿರು. ಒಂದು ಬೀಜ ನಾನು ಹಾಕಿಲ್ಲ. ಮಣ್ಣಿನಲ್ಲಿ ಹಳೆಯ ಬೀಜಗಳು ನಿದ್ದೆ ಮಾಡುತ್ತಿರುತ್ತವೆ, ಬೆಳಕು ಬಿದ್ದರೆ ಏಳುತ್ತವೆ. ಎಷ್ಟು ದಿನದ ನಿದ್ದೆ ಅಂತೀರಾ? ವಿಲಿಯಂ ಬೀಲ್ ಅನ್ನುವ ಅಮೆರಿಕದ ಮೇಷ್ಟ್ರು 1879ರಲ್ಲಿ ಕಳೆಬೀಜಗಳನ್ನು ಮರಳಿನ ಜೊತೆ 20 ಬಾಟಲಿಗಳಿಗೆ ತುಂಬಿ ಮಿಷಿಗನ್‌ನ ಕಾಲೇಜಿನಲ್ಲಿ ಹೂತಿಟ್ಟ. ಒಂದೊಂದೇ ಬಾಟಲಿಯನ್ನು ವರ್ಷಗಳ ಅಂತರದಲ್ಲಿ ತೆಗೆಯುತ್ತಾ ಬಂದಿದ್ದಾರೆ. 2021ರಲ್ಲಿ ಒಂದನ್ನು ರಾತ್ರಿ ಹೊತ್ತು, ಬೆಳಕು ಬೀಳದ ಹಾಗೆ ಅಗೆದು ತೆಗೆದರು. 142 ವರ್ಷದ ಬೀಜಗಳಲ್ಲಿ ಕೆಲವು ಮೊಳೆತವು. ಕೊನೆಯ ಬಾಟಲಿಯ ಸರದಿ 2100ಕ್ಕೆ. ನಾನು ನಾಲ್ಕು ದಿನ ಅಗೆದು ‘ಕಳೆ ಮುಗೀತು’ ಅಂದುಕೊಂಡಿದ್ದೆ.

ಬೀಜದ್ದಾದರೂ ಪರವಾಗಿಲ್ಲ. ಜೇಕು ಇದೆಯಲ್ಲ, ಅದು ಬೇರೆಯೇ ಜಾತಿ. 1977ರಲ್ಲೇ ತಜ್ಞರು ಪ್ರಪಂಚದ ಕೆಟ್ಟ ಕಳೆಗಳ ಪಟ್ಟಿ ಮಾಡಿ ಇದನ್ನು ಮೊದಲನೆಯ ಸ್ಥಾನದಲ್ಲಿ ಕೂರಿಸಿದ್ದರು. ನೋಡೋಕೆ ಹುಲ್ಲು. ದಂಟನ್ನು ಎರಡು ಬೆರಳ ನಡುವೆ ಹೊರಳಿಸಿದರೆ ಗೊತ್ತಾಗುತ್ತದೆ, ಗುಂಡಗಿಲ್ಲ, ಮೂರು ಅಂಚು. ಎಳೆದರೆ ಟಿಕ್ ಅಂತ ಸಣ್ಣ ಸದ್ದು. ಗೆದ್ದೆ ಅನಿಸುತ್ತದೆ. ಕೈಗೆ ಬಂದದ್ದು ಎಲೆ ಮಾತ್ರ. ಗಡ್ಡೆ ಕೆಳಗೇ ಉಳಿದಿದೆ, ಈಗ ಅದಕ್ಕೆ ಸಿಟ್ಟೂ ಬಂದಿದೆ. ಕುಕ್ಕರಗಾಲಲ್ಲಿ ಕೂತು ಚೂಪಾದ ಕೋಲಿನಿಂದ ಸುತ್ತ ಕೆದಕಿದೆ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಕಂದು ಗಡ್ಡೆ ಬಂತು. ಅದರಿಂದ ಒಂದು ಗಟ್ಟಿ ದಾರ ಹೊರಟು ಮಣ್ಣೊಳಗೆ ಹೋಗಿತ್ತು. ಹಿಂಬಾಲಿಸಿದೆ. ಇನ್ನೊಂದು ಗಡ್ಡೆ. ಅಲ್ಲಿಂದ ಎರಡು ದಾರ. ಜಪಮಣಿಯ ಹಾಗೆ ಒಂದೊಂದೇ ಎಣಿಸುತ್ತಾ ಹೋದೆ. ಕತ್ತಲಾಯಿತು.

‘ಮುಗೀತಾ?’ ಅಂತ ಒಳಗಿಂದ ಕೇಳಿದಳು.

‘ಇಲ್ಲ, ಇನ್ನೂ ಕೆಳಗಿದೆ’ ಅಂದೆ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತಾರೆ. ಮುಂಚಿನ ಮಾಲೀಕರು ಉಗುರಿನ ಕಾಲದಲ್ಲಿ ಏನು ಮಾಡುತ್ತಿದ್ದರು ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು. ಮನಸ್ಸಿನಲ್ಲಿ ಅವರ ಜೊತೆ ದಿನಾ ಜಗಳ. ಮುಖ ನೋಡಿದ್ದು ಒಂದೇ ಸಲ, ಸಹಿ ಹಾಕುವ ದಿನ. ಆದರೂ ಅವರನ್ನು ನಾನು ನಿಂದಿಸಿದಷ್ಟು ನನ್ನ ಖಾಸಾ ನೆಂಟರನ್ನೂ ನಿಂದಿಸಿಲ್ಲ. ಗೋಡೆಗೆ ಅಂಟಿಸಿ ಯಾರಾದರೂ ಬೋಗನ್‌ವಿಲ್ಲಾ ನೆಡುತ್ತಾರಾ? ನೆಟ್ಟು ಮರೆಯುತ್ತಾರಾ?

ಮರೆತಿರಲಿಲ್ಲ. ಭಾನುವಾರ ಉಳಿದ ಕಾಂಡವನ್ನು ಗರಗಸದಿಂದ ಕೊಯ್ಯುವಾಗ ಹಲ್ಲು ಕಿರ್ ಅಂತ ನಿಂತಿತು. ಕಲ್ಲೇನೋ ಅಂದುಕೊಂಡು ಬಾಚಿಯಲ್ಲಿ ಕೆತ್ತಿದೆ. ಮರದೊಳಗೆ ತಂತಿ. ನನ್ನ ತೋಳಿನ ದಪ್ಪದ ಕಾಂಡ ಅದನ್ನು ಸುತ್ತಲೂ ನುಂಗಿ ಮುಚ್ಚಿತ್ತು. ಒಂದು ಕಾಲಕ್ಕೆ ಇದು ಪೆನ್ಸಿಲ್ ಗಾತ್ರದ ಸಸಿ. ಗಾಳಿಗೆ ಬೀಳದಿರಲಿ ಅಂತ ಯಾರೋ ಕೋಲು ನೆಟ್ಟು ಕಟ್ಟಿದ್ದಾರೆ. ತಂತಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದಾರೆ, ತೊಗಟೆ ಉಜ್ಜದಿರಲಿ ಅಂತ. ತಂತಿಯ ಎರಡೂ ತುದಿಗಳನ್ನು ಒಳಕ್ಕೆ ಮಡಚಿದ್ದಾರೆ. ಯಾರ ಕೈಗೂ ಚುಚ್ಚದಿರಲಿ ಅಂತ!

ಮುಳ್ಳಿನ ಗಿಡಕ್ಕೆ ಈ ಎಚ್ಚರಿಕೆ. ನಗು ಬಂತು. ಸಿಟ್ಟು ಹೋಯಿತು ಅಂತ ಹೇಳಲಾರೆ. ಗರಗಸದ ಎರಡು ಹಲ್ಲು ಹೋಗಿದ್ದವು. ಆ ಬುಡವನ್ನು ಮೊಣಕಾಲೆತ್ತರಕ್ಕೆ ಹಾಗೇ ಬಿಟ್ಟಿದ್ದೇನೆ. ಪಟ್ಟಿಯಲ್ಲಿ ಅದರ ಮುಂದೆ ‘ಹೋಗಬೇಕು’ ಅಂತಲೇ ಇದೆ. ಇವತ್ತು ಬೆಳಿಗ್ಗೆ ನೋಡಿದರೆ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು. ಹೆಂಡತಿಗೆ ಇನ್ನೂ ಹೇಳಿಲ್ಲ.

ಆ ದೊಡ್ಡ ವಿಷಯ ಬರೆಯಬೇಕಿತ್ತು. ಆದರೆ ಅವಳು ಸೂಜಿ ಕಾಯಿಸಿಕೊಂಡು ಬಂದಿದ್ದಾಳೆ. ದೀಪದ ಕೆಳಗೆ ನನ್ನ ಹೆಬ್ಬೆರಳು ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡುತ್ತಿದ್ದಾಳೆ. ಎಡಗೈಯಲ್ಲಿ ಎಷ್ಟು ಅಂತ ಬರೆಯಲಿ?

‘ಇಲ್ಲೇನೂ ಕಾಣ್ತಿಲ್ಲವಲ್ರೀ.’

‘ಇದೆ. ಇನ್ನೂ ಕೆಳಗಿದೆ.’