ನಾಲಿಗೆಗೆ ಸಿಕ್ಕ ಕಿಂಡಿ

ಕೆಳಗಿನ ಎಡಗಡೆಯ ದವಡೆ ಹಲ್ಲೊಂದು ಹೋಗಿ ಮೂರು ವಾರವಾಯಿತು. ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ. ಇದ್ದಾಗ ಅದು ಕೊಟ್ಟ ಕಾಟ ನೆನೆದರೆ ಪೀಡೆ ತೊಲಗಿತು ಅನ್ನಬೇಕು. ನನ್ನ ತಕರಾರು ಏನಿದ್ದರೂ ನಾಲಿಗೆಯ ಮೇಲೆ. ಮೂರು ಹೊತ್ತೂ ಅದಕ್ಕೆ ಆ ಕಿಂಡಿಯ ಹತ್ತಿರವೇ ಕೆಲಸ. ಪಕ್ಕದ ಮನೆ ಖಾಲಿಯಾದ ಕೂಡಲೇ ಕಿಟಕಿಯಲ್ಲಿ ಇಣುಕಿ ನೋಡುವವರು ಇರುತ್ತಾರಲ್ಲ, ಹಾಗೆ. ಹಲ್ಲು ಇದ್ದಾಗ ಒಂದು ದಿನವೂ ಆ ಕಡೆ ಸುಳಿಯದ ನಾಲಿಗೆ ಇದು.

ಎರಡನೇ ತಕರಾರು ಜನರ ಮೇಲೆ. ವಿಷಯ ಗೊತ್ತಾದವರೆಲ್ಲ ಆ ಕಡಲೆಯ ಗಾದೆ ಹೇಳುತ್ತಾರೆ. ಪ್ರಪಂಚದಲ್ಲಿ ತಾವೇ ಮೊದಲು ಹೇಳುತ್ತಿರುವ ಹಾಗೆ ಹೇಳಿ, ತಾವೇ ನಗುತ್ತಾರೆ. ಅದೂ ಅಷ್ಟೂ ಹಲ್ಲು ತೋರಿಸಿ.

ಹಲ್ಲಿನ ಡಾಕ್ಟರಿಗೆ ನನ್ನ ಮಗಳ ವಯಸ್ಸು. ಒಳ್ಳೆಯ ಹುಡುಗಿ. ಆದರೆ ಮುಖ್ಯವಾದ ಪ್ರಶ್ನೆಗಳನ್ನೆಲ್ಲ ನನ್ನ ಬಾಯಲ್ಲಿ ಹತ್ತಿ, ಕನ್ನಡಿ, ಎಂಜಲು ಹೀರುವ ಕೊಳವೆ ಮೂರೂ ಇರುವಾಗಲೇ ಕೇಳುತ್ತಾರೆ. "ತೆಗೆದು ಹಾಕೋ ಸೆಟ್ಟು, ಬ್ರಿಡ್ಜು, ಇಲ್ಲಾಂದ್ರೆ ಇಂಪ್ಲಾಂಟು. ಯಾವ್ದು ಮಾಡೋಣ ಅಂಕಲ್?" ನಾನು "ಆಂ" ಅಂದೆ. ಅದನ್ನು ಯಾವುದಕ್ಕೆ ಒಪ್ಪಿಗೆ ಅಂತ ಬರೆದುಕೊಂಡರೋ ಗೊತ್ತಿಲ್ಲ.

ಮನೆಗೆ ಬಂದು ಈ ಮೂರರ ಬಗ್ಗೆ ಕೂತು ಓದಿದೆ. ಯಾವುದು ವಾಸಿ ಅಂತ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಕೊಲೆಯ ವಿಷಯ ಹೇಳಿಬಿಡಬೇಕು.

ಹಿಂದೆ ಕಟ್ಟಿಸಿದ ಹಲ್ಲು ಅಂದರೆ ದುಡ್ಡಿದ್ದವರ ಸಂಗತಿ. ಆನೆಯ ದಂತ, ನೀರುಕುದುರೆಯ ದಂತ, ಚಿನ್ನ, ಇವುಗಳಲ್ಲಿ ಮಾಡುತ್ತಿದ್ದರು. ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷರಾದಾಗ ಬಾಯಲ್ಲಿ ಸ್ವಂತದ್ದು ಅಂತ ಇದ್ದದ್ದು ಒಂದೇ ಹಲ್ಲು. ಉಳಿದದ್ದೆಲ್ಲ ಇಂಥ ಸಾಮಾನು. ಮುಂದಿನ ಶತಮಾನದ ನಡುವಿಗೆ ವಲ್ಕನೈಟ್ ಬಂತು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಗಟ್ಟಿಯಾಗುವ ವಸ್ತು. ಅಂಗುಳಿನ ಅಚ್ಚಿಗೆ ಸರಿಯಾಗಿ ಕೂರುತ್ತದೆ, ಖರ್ಚೂ ಕಡಿಮೆ. ಬಡವರೂ ಹಲ್ಲು ಕಟ್ಟಿಸಿಕೊಳ್ಳುವ ಹಾಗಾಯಿತು.

ಹಾಗಾದರೆ ಸುಮ್ನೆ ಬಿಡುತ್ತಾರಾ? ಅದಕ್ಕೊಂದು ಪೇಟೆಂಟ್ ಹುಟ್ಟಿತು, 1864ರಲ್ಲಿ. ಪೇಟೆಂಟ್ ಹಿಡಿದುಕೊಂಡು ಒಂದು ಕಂಪನಿ ಹುಟ್ಟಿತು. ರಬ್ಬರ್ ಸೆಟ್ಟು ಮಾಡುವ ಪ್ರತಿಯೊಬ್ಬ ದಂತವೈದ್ಯನೂ ಲೈಸೆನ್ಸಿಗೆ ದುಡ್ಡು ಕಟ್ಟಬೇಕು, ಮಾಡಿದ ಸೆಟ್ಟಿಗೂ ಕಟ್ಟಬೇಕು. ಕಂಪನಿಯ ಖಜಾಂಚಿ ಜೊಸಾಯ ಬೇಕನ್. ದುಡ್ಡು ಕಟ್ಟದವರ ಮೇಲೆ ಕೇಸು ಹಾಕುವುದರಲ್ಲಿ ಈ ಮನುಷ್ಯನಿಗೆ ದಣಿವು ಅನ್ನುವುದೇ ಇರಲಿಲ್ಲ. ಸ್ಯಾಮ್ಯುಯೆಲ್ ಚಾಲ್ಫಂಟ್ ಅಂತ ಒಬ್ಬ ದಂತವೈದ್ಯ. ಕಟ್ಟೋದಿಲ್ಲ ಅಂದ. ಊರು ಬಿಟ್ಟು ಊರಿಗೆ ಹೋದ. ಬೇಕನ್ ಬೆನ್ನು ಬಿಡಲಿಲ್ಲ. ಕೊನೆಗೆ 1879ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರ ರೂಮಿನಲ್ಲಿ ಚಾಲ್ಫಂಟ್ ಬೇಕನ್‌ಗೆ ಗುಂಡು ಹಾರಿಸಿಯೇಬಿಟ್ಟ.

ಕೊಲೆ ತಪ್ಪು, ಒಪ್ಪುತ್ತೇನೆ. ಚಾಲ್ಫಂಟ್ ಜೈಲಿಗೆ ಹೋದದ್ದೂ ಸರಿಯೇ. ಆದರೆ ರಾತ್ರಿ ಮಲಗಿದಾಗ, ನಾಲಿಗೆ ಕಿಂಡಿಯಲ್ಲಿ ಆಡುತ್ತಿರುವಾಗ, ನನಗೆ ಈ ಇಬ್ಬರದ್ದೇ ಯೋಚನೆ. ಹೋಟೆಲ್ ರೂಮಿನ ಬಾಗಿಲು ತಟ್ಟಿದಾಗ ಬೇಕನ್ ಏನು ಅಂದುಕೊಂಡಿರಬಹುದು? ದುಡ್ಡು ಕಟ್ಟೋಕೆ ಬಂದ ಅಂತಲೇ? ಇನ್ನೊಂದು ಸಂಗತಿ ಕೇಳಿ. ಆ ಪೇಟೆಂಟಿನ ಅವಧಿ ಮುಗಿದದ್ದು 1881ರಲ್ಲಿ. ಇನ್ನೆರಡು ವರ್ಷ! ಇಬ್ಬರಲ್ಲಿ ಒಬ್ಬ ಅಷ್ಟು ತಾಳಿದ್ದರೆ ಸಾಕಿತ್ತು. ಇದನ್ನು ಮನೆಯಲ್ಲಿ ನಾಲ್ಕು ಸಲ ಹೇಳಿದೆ. ಐದನೇ ಸಲಕ್ಕೆ, "ಮೊದ್ಲು ನಿಮ್ಮ ಹಲ್ಲಿಗೊಂದು ಗತಿ ಕಾಣಿಸಿ" ಅಂದರು.

ಸರಿ, ಹಲ್ಲಿಗೆ ಬರೋಣ. ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಎರಡು ಹಲ್ಲು ತೇದು, ಕ್ಯಾಪ್ ಹಾಕಿ, ಮಧ್ಯೆ ಸುಳ್ಳು ಹಲ್ಲೊಂದನ್ನು ತೂಗುಹಾಕುವುದು. ಓಡಿಹೋದವನು ಒಬ್ಬ, ಏಟು ಅಕ್ಕಪಕ್ಕದವರಿಗೆ. ಅವೆರಡೂ ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ದುಡಿದ ಹಲ್ಲುಗಳು. ಯಾವ ಮುಖ ಇಟ್ಟುಕೊಂಡು ಹೇಳಲಿ? ತೆಗೆದು ಹಾಕುವ ಸೆಟ್ಟಾದರೆ ರಾತ್ರಿ ಬಿಚ್ಚಿ ನೀರಿನಲ್ಲಿಡಬೇಕು. ನನ್ನದೇ ಹಲ್ಲು ಬೆಳಗಿನವರೆಗೂ ಲೋಟದಲ್ಲಿ ಕೂತು ನನ್ನನ್ನೇ ನೋಡುತ್ತಿರುವುದು ನನಗೆ ಆಗದ ಮಾತು.

ಇಂಪ್ಲಾಂಟ್ ಅಂದರೆ ದವಡೆಯ ಮೂಳೆಗೇ ಟೈಟಾನಿಯಮ್ ಅನ್ನುವ ಲೋಹದ ತಿರುಪು ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವುದು. ಅದು ಶುರುವಾದದ್ದು ಮೊಲದಿಂದ. 1952ರ ಸುಮಾರಿಗೆ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವ ವೈದ್ಯರು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಮ್ಮಿನ ಸಣ್ಣ ಕೊಳವೆ ಇಟ್ಟು ಏನೋ ಬೇರೆಯದನ್ನೇ ಪರೀಕ್ಷೆ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಕಚ್ಚಿ ಹಿಡಿದುಕೊಂಡಿತ್ತು. ಅಲ್ಲಿಂದ 1965ಕ್ಕೆ ಮನುಷ್ಯನ ದವಡೆಗೆ ಬಂತು. ಒಳ್ಳೆಯದೇ. ಆದರೆ ತಿರುಪು ಕೂರಿಸಿದ ಮೇಲೆ ಮೂಳೆ ಅದನ್ನು ಹಿಡಿದುಕೊಳ್ಳಲಿ ಅಂತ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕಂತೆ. ನನ್ನ ದವಡೆಯ ಬುದ್ಧಿ ನನಗೆ ಗೊತ್ತು. ಅದು ಇದ್ದ ಹಲ್ಲನ್ನೇ ಹಿಡಿದುಕೊಳ್ಳಲಿಲ್ಲ.

ಹೀಗೇ ಬಿಟ್ಟರೆ ಏನಾಗುತ್ತೆ ಅಂತಲೂ ಕೇಳಿದ್ದೆ. ಪಕ್ಕದ ಹಲ್ಲು ಖಾಲಿ ಜಾಗದ ಕಡೆ ವಾಲುತ್ತಂತೆ. ಮೇಲಿನದು, ಎದುರಿಗೆ ತಡೆಯುವವರಿಲ್ಲ ಅಂತ ನಿಧಾನವಾಗಿ ಕೆಳಗಿಳಿಯುತ್ತಂತೆ. ಬಾಯಲ್ಲೂ ಒತ್ತುವರಿ!

ಮೊನ್ನೆ ಮತ್ತೆ ಹೋಗಿದ್ದೆ. "ಏನು ನಿರ್ಧಾರ ಮಾಡಿದ್ರಿ ಅಂಕಲ್?" ಅಂದರು. ಪುಣ್ಯಕ್ಕೆ ಈ ಸಲ ಬಾಯಿ ಖಾಲಿ ಇತ್ತು. ಸಿಕ್ಕಿದ್ದೇ ಸಮಯ ಅಂತ ಬೇಕನ್, ಚಾಲ್ಫಂಟ್, ಹೋಟೆಲ್ ರೂಮು, ಆ ಎರಡು ವರ್ಷ, ಎಲ್ಲವನ್ನೂ ಹೇಳಿದೆ. ಡಾಕ್ಟರು ಕೈಗೆ ಗ್ಲೌಸ್ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿದರು. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. "ಬಾಯಿ ತೆಗೀರಿ" ಅಂದವರೇ ಹತ್ತಿ ತುರುಕಿದರು. ನಾನಿನ್ನೂ ಮೊಲದ ವಿಷಯಕ್ಕೆ ಬಂದಿರಲಿಲ್ಲ.