ಕರೆಂಟ್ ಹುಟ್ಟುವ ಜಿಲ್ಲೆಯಲ್ಲಿ ಕರೆಂಟ್ ಇಲ್ಲ

ಮಳೆಗಾಲದಲ್ಲಿ ನಮ್ಮ ಉತ್ತರ ಕನ್ನಡದ ಶಿರಸಿ ಕಡೆಯ ನೆಂಟರಿಗೆ ಫೋನ್ ಮಾಡಿದರೆ ಆರೋಗ್ಯ ವಿಚಾರಿಸುವ ಮೊದಲೇ ಕೇಳುವುದು, "ಕರೆಂಟ್ ಇದ್ದಾ?" ಬಿಲ್ಲಿನ ಮೇಲೆ 'ವಿದ್ಯುತ್' ಅಂತ ಇರುತ್ತದೆ. ಮಾತಲ್ಲಿ ಮಾತ್ರ ಕರೆಂಟ್ ಕಂಬ, ಕರೆಂಟ್ ಬಿಲ್ಲು. ಶಾಕ್ ಆದರೂ "ಕರೆಂಟ್ ಹೊಡೀತು".

ಇಂಗ್ಲಿಷಿನವರಿಗೆ ಹೊಳೆಯ ಹರಿವೂ ಕರೆಂಟೇ, ಸಮುದ್ರದ ಸೆಳೆತವೂ ಕರೆಂಟೇ. ಗೋಕರ್ಣ, ಮುರ್ಡೇಶ್ವರದಲ್ಲಿ ಈಜಲು ಇಳಿದವರನ್ನು ಒಳಗೆ ಎಳೆಯುವುದು ರಿಪ್ ಕರೆಂಟ್. (ಸಿಕ್ಕಿಬಿದ್ದರೆ ನೇರ ದಡಕ್ಕೆ ಬರಲು ಒದ್ದಾಡಬೇಡಿ. ದಡದ ಉದ್ದಕ್ಕೆ ಈಜಿ, ಪಕ್ಕಕ್ಕೆ ಸರಿಯಿರಿ. ಪ್ರವಾಸಕ್ಕೆ ಬರುವವರಿಗೆ ಇದನ್ನು ಹೇಳಲೇಬೇಕು.) ಬ್ಯಾಂಕಿನ ಕರೆಂಟ್ ಅಕೌಂಟ್ ಬೇರೆಯದೇ ಕಥೆ, ಬಿಡಿ.

ಕಾಳಿ ಹೊಳೆಯ ಮಟ್ಟಿಗಂತೂ ಹರಿವೂ ಕರೆಂಟೂ ಒಂದೇ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಎಲ್ಲ ಕಡೆ ಅದೇ ನೀರು ಟರ್ಬೈನ್ ತಿರುಗಿಸುತ್ತದೆ. ಕದ್ರಾ ಹಿನ್ನೀರಿನ ದಂಡೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. 220 ಮೆಗಾವ್ಯಾಟಿನ ನಾಲ್ಕು ಘಟಕ. ಮೊದಲ ಘಟಕ ಸತತ 962 ದಿನ ಓಡಿ 2018ರ ಡಿಸೆಂಬರ್ 31ರಂದು ನಿಂತಿತು, ಆಗ ಅದು ವಿಶ್ವದಾಖಲೆ. ಅತ್ತ ಗೇರುಸೊಪ್ಪದಲ್ಲಿ ಶರಾವತಿಯದೂ ಒಂದು ಪವರ್‌ಹೌಸ್.

ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಒಂದು ಜೋರು ಗಾಳಿ ಬೀಸಿದರೆ ಸಾಕು, ಮೇಣದಬತ್ತಿ ಹುಡುಕಬೇಕು.

ಉತ್ಪಾದನೆ ಕಡಿಮೆಯಾಗಿ ಅಲ್ಲ. ಇಲ್ಲಿ ಮನೆಗಳು ದೂರ ದೂರ. ನಾಲ್ಕು ಮನೆಗೆ ಕಾಡೊಳಗೆ ಕಿಲೋಮೀಟರ್‌ಗಟ್ಟಲೆ ಬರಿ ತಂತಿ ಎಳೆದಿರುತ್ತಾರೆ. ಒದ್ದೆ ಕೊಂಬೆ ತಾಗಿದರೆ ಲೈನ್ ಟ್ರಿಪ್, ಅಂದರೆ ಕರೆಂಟ್ ತಾನಾಗೇ ಕಟ್. ಲೈನ್‌ಮನ್ ರಾತ್ರಿ ಟಾರ್ಚ್ ಹಿಡಿದು, ಕಾಲಿಗೆ ಉಂಬಳ ಹತ್ತಿಸಿಕೊಂಡು, ಕಂಬದಿಂದ ಕಂಬಕ್ಕೆ ನೋಡುತ್ತಾ ಹೋಗಬೇಕು. ನಾವೋ, ಮನೆಯಲ್ಲಿ ಕೂತು ಅವರಿಗೇ ಬೈಯುತ್ತೇವೆ.

ಕಾಡಿನ ಭಾಗದಲ್ಲಾದರೂ ಬರಿ ತಂತಿ ತೆಗೆದು ಕವರ್ ಇರುವ ಕೇಬಲ್ ಹಾಕಬೇಕು. ಕೊಂಬೆಗಳನ್ನು ಮೇ ತಿಂಗಳಲ್ಲೇ ಸವರಬೇಕು, ಲೈನ್ ಹರಿದ ಮೇಲಲ್ಲ. ಕೇಳಿದರೆ ಖರ್ಚು ಜಾಸ್ತಿ, ಮನೆ ಕಡಿಮೆ ಅಂತಾರೆ. ಕರೆಂಟಿಗಾಗಿ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ನೀರಲ್ಲಿ ಮುಳುಗಿತು. ಅಲ್ಲಿಯ ಜನ ಗಂಟುಮೂಟೆ ಕಟ್ಟಿ ರಾಮನಗರಕ್ಕೆ ಹೋದರು. ಆಗ ಮನೆ ಕಡಿಮೆ ಅನ್ನುವ ಲೆಕ್ಕ ಯಾರಿಗೂ ಅಡ್ಡ ಬರಲಿಲ್ಲ ಅಲ್ವಾ?

ಮುಂದಿನ ಗ್ರಾಮಸಭೆಗೆ ಸುಮ್ನೆ ಹೋಗಿ ಸಹಿ ಹಾಕಿ ಬರಬೇಡಿ. ನಮ್ಮ ಫೀಡರ್‌ನಲ್ಲಿ (ಊರಿಗೆ ಕರೆಂಟ್ ತರುವ ಲೈನಿನಲ್ಲಿ) ಕಾಡೊಳಗಿನ ತಂತಿ ಎಷ್ಟು ಕಿಲೋಮೀಟರ್, ಅದರಲ್ಲಿ ಕೇಬಲ್ ಆಗಿದ್ದು ಎಷ್ಟು ಅಂತ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.